ಅಸ್ಥಿಗಳ ಸಾಕ್ಷ್ಯ

ಅರ್ಜೆಂಟೀನದ ಬ್ಯೂನಸ್ ಐರಿಸ್ ಪ್ರಾಂತದಲ್ಲಿ ಊರೂರಿನ ಸ್ಮಶಾನಕ್ಕೂ ಒಂದು ದಫ್ತರವುಂಟು. ಯಾರನ್ನು, ಯಾವ ದಿನ, ಯಾವ ಸಾಲಿನ ಯಾವ ಗುಳಿಯಲ್ಲಿ ಹೂಳಲಾಯಿತೆಂಬುದನ್ನು ಅಲ್ಲಿನ ಗುಮಾಸ್ತರು ಅದರಲ್ಲಿ ಬರೆದಿಡುತ್ತಾರೆ. 1976ರಿಂದ ಮುಂದಿನ ಎರಡು ಮೂರು ವರ್ಷಗಳ ಪುಟಗಳನ್ನು ತಿರುವಿದರೆ, ಹೆಸರಿರಬೇಕಾದ ಸ್ಥಾನದಲ್ಲಿ ಎರಡೇ ಅಕ್ಷರಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ: 'ಎನ್. ಎನ್.' ಸ್ಪಾನಿಷ್ ಭಾಷೆಯಲ್ಲಿ 'ನಿಂಗೂನ್ ನೊಂಬ್ರೆ', ಎಂದರೆ 'ಹೆಸರಿಲ್ಲ'. ಹೆಸರಿಲ್ಲದ ಹೆಣಗಳು ಎಲ್ಲ ದೇಶಗಳಲ್ಲಿಯೂ ಉಂಟು. ದಿಕ್ಕಿಲ್ಲದ ಮುದುಕರು, ಬೀದಿಯ ಅಂಚಿನಲ್ಲಿ ಪ್ರಾಣ ಬಿಟ್ಟ ಭಿಕ್ಷುಕರು, ಹೊಳೆಯಲ್ಲಿ ತೇಲಿಬಂದ ಅಪರಿಚಿತರು ಹೀಗೆ ಮಣ್ಣಾಗುತ್ತಾರೆ. ಆದರೆ ಈ ಪುಟಗಳ ಅನಾಮಿಕರಲ್ಲಿ ಬಹುಮಂದಿ ಇಪ್ಪತ್ತರಿಂದ ಮೂವತ್ತೈದರ ಒಳಗಿನವರು. ಮರಣದ ಕಾರಣವನ್ನು ಬರೆಯುವ ಅಂಕಣದಲ್ಲಿ 'ಗುಂಡೇಟು' ಎಂದಿದೆ. ದೇಶವೊಂದರ ತರುಣ ತರುಣಿಯರು ಒಮ್ಮಿಂದೊಮ್ಮೆಗೆ ತಮ್ಮ ಹೆಸರನ್ನು ಕಳೆದುಕೊಂಡು ಸಾಯತೊಡಗಿದರೆಂದರೆ ಅದಕ್ಕೆ ಏನೋ ಕಾರಣವಿರಲೇಬೇಕು.

ಕಾರಣ ಗುಟ್ಟಿನದೇನಲ್ಲ. 1976ರ ಮಾರ್ಚ್ 24ರಂದು ಅಲ್ಲಿ ಸೈನ್ಯಾಧಿಕಾರಿಗಳು ರಾಜ್ಯಭಾರವನ್ನು ಕಿತ್ತುಕೊಂಡರು. 1983ರ ಡಿಸೆಂಬರಿನವರೆಗೆ ಅವರ ಆಳ್ವಿಕೆ ನಡೆಯಿತು. ವಿದ್ಯಾರ್ಥಿಗಳು, ಕಾರ್ಮಿಕ ಸಂಘದವರು, ಅಧ್ಯಾಪಕರು, ಪತ್ರಕರ್ತರು, ಇವರ ಗೆಳೆಯರು, ಗೆಳೆಯರ ಗೆಳೆಯರು: ಸಂದೇಹಕ್ಕೆ ಪಾತ್ರರಾದವರನ್ನು ರಾತ್ರೋರಾತ್ರಿ ಮನೆಯಿಂದ ಎಳೆದೊಯ್ದು ಗುಪ್ತ ಬಂದೀಖಾನೆಗಳಲ್ಲಿ ಇಟ್ಟರು. ಅವರಲ್ಲಿ ಹೆಚ್ಚಿನವರು ಮರಳಲಿಲ್ಲ. ವಿಚಾರಿಸಲು ಹೋದ ತಂದೆತಾಯಿಗಳಿಗೆ, 'ಅಂಥವರು ಯಾರೂ ನಮ್ಮಲ್ಲಿಲ್ಲ' ಎಂಬ ಉತ್ತರ ದೊರಕುತ್ತಿತ್ತು. ಸತ್ತರೆಂದೂ ಹೇಳುವವರಿಲ್ಲ, ಬದುಕಿದ್ದಾರೆಂದೂ ಹೇಳುವವರಿಲ್ಲ. ಇವರಿಗೆ 'ದೆಸಪರೆಸೀದೊ', ಕಾಣೆಯಾದವರು, ಎಂಬ ಹೆಸರು ಬಂದಿತು. ಪ್ರಜಾಪ್ರಭುತ್ವ ಮರಳಿದ ಮೇಲೆ ಕಾದಂಬರಿಕಾರ ಅರ್ನೆಸ್ಟೊ ಸಬಾಟೊ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಆಯೋಗವು 1984ರ ವರದಿಯಲ್ಲಿ 8,960 ಮಂದಿಯ ಲೆಕ್ಕ ಕೊಟ್ಟು, ಪಟ್ಟಿ ಪೂರ್ಣವಲ್ಲವೆಂದು ತಾನೇ ಒಪ್ಪಿಕೊಂಡಿತು. ಮಾನವ ಹಕ್ಕಿನ ಸಂಘಗಳ ಲೆಕ್ಕ 30,000.

ನಮ್ಮಲ್ಲಿ ಚಿತೆಯ ಬೂದಿಯಿಂದ ಎಲುಬಿನ ಚೂರುಗಳನ್ನು ಆಯ್ದು, ಕುಡಿಕೆಯಲ್ಲಿಟ್ಟು, ಹರಿಯುವ ನೀರಿಗೆ ಬಿಡುವವರುಂಟು. ಹೂಳಿದ ಸ್ಥಳದಲ್ಲಿ ಗದ್ದುಗೆ ಕಟ್ಟುವವರೂ ಉಂಟು. ಎರಡಕ್ಕೂ ದೇಹ ಬೇಕು. ವರ್ಷದ ತಿಥಿಗೆ ಸತ್ತ ದಿನ ತಿಳಿದಿರಬೇಕು. ಇವೆರಡೂ ಇಲ್ಲದ ತಾಯಿ ಏನು ಮಾಡಬೇಕು? ಮಗ ಊಟಕ್ಕೆ ಬಂದಾನೆಂದು ತಟ್ಟೆ ಇಡಬೇಕೇ, ಇಲ್ಲ ಎಳ್ಳುನೀರು ಬಿಡಬೇಕೇ? ಅರ್ಜೆಂಟೀನದ ಜನ ಬಹುಮಟ್ಟಿಗೆ ಕ್ರೈಸ್ತರು, ಅವರ ವಿಧಿಗಳು ಬೇರೆ. ಆದರೂ ಈ ಪ್ರಶ್ನೆಯ ನೋವು ನಮಗೆ ಅನುವಾದವಿಲ್ಲದೆ ಅರ್ಥವಾಗುತ್ತದೆ.

ಸೈನ್ಯಾಡಳಿತ ಕೊನೆಗೊಂಡೊಡನೆ ನ್ಯಾಯಾಧೀಶರು ಆ ಎನ್. ಎನ್. ಗುಳಿಗಳನ್ನು ಅಗೆಸತೊಡಗಿದರು. ಉದ್ದೇಶ ಒಳ್ಳೆಯದು, ಕೆಲಸ ಮಾತ್ರ ಕೆಟ್ಟಿತು. ಮಣ್ಣೆತ್ತುವ ಬುಲ್ಡೋಜರುಗಳನ್ನು ತಂದು ಸ್ಮಶಾನದ ನೆಲವನ್ನೇ ಬಗೆದರು. ತಲೆಬುರುಡೆಗಳು ಒಡೆದವು, ಒಬ್ಬನ ತೋಳು ಇನ್ನೊಬ್ಬನ ಪಕ್ಕೆಲುಬಿನೊಡನೆ ಬೆರೆತುಹೋಯಿತು. ಹಲ್ಲು, ಗುಂಡು, ಗುಂಡಿಯಂಥ ಸಣ್ಣ ವಸ್ತುಗಳು ಮಣ್ಣಿನಲ್ಲೇ ಉಳಿದುವು. ಎಲುಬುಗಳನ್ನು ಚೀಲಗಳಲ್ಲಿ ತುಂಬಿಟ್ಟರು. ಕೊಲೆಗಾರರು ಅಡಗಿಸಲೆಂದು ಪಟ್ಟ ಶ್ರಮವನ್ನು ಹುಡುಕುವವರೇ ಪೂರ್ಣಗೊಳಿಸುತ್ತಿದ್ದರು ಎಂದರೆ ಹೆಚ್ಚಾಗದು.

ಈ ಅನಾಹುತವನ್ನು ಕಂಡು ಸಬಾಟೊ ಆಯೋಗದವರೂ, ಕಳೆದುಹೋದ ಮೊಮ್ಮಕ್ಕಳನ್ನು ಹುಡುಕುತ್ತಿದ್ದ ಅಜ್ಜಿಯರ ಸಂಘದವರೂ ಅಮೆರಿಕದ ವಿಜ್ಞಾನಾಭಿವೃದ್ಧಿ ಸಂಘದ ನೆರವು ಕೇಳಿದರು. 1984ರ ಜೂನಿನಲ್ಲಿ ಒಂದು ನಿಯೋಗ ಬಂದಿತು. ಅದರಲ್ಲಿದ್ದವರು ಕ್ಲೈಡ್ ಸ್ನೋ. ಟೆಕ್ಸಾಸಿನಲ್ಲಿ 1928ರಲ್ಲಿ ಹುಟ್ಟಿದವರು. ಕಾಲಿಗೆ ದನಗಾಹಿಗಳ ಬೂಟು, ಕೈಯಲ್ಲಿ ಚುಟ್ಟ. ವಿಮಾನಾಪಘಾತಗಳಲ್ಲಿ ಜನ ಹೇಗೆ ಸಾಯುತ್ತಾರೆಂಬುದನ್ನು ಸರ್ಕಾರಕ್ಕಾಗಿ ಹಲವು ವರ್ಷ ಅಭ್ಯಸಿಸಿದವರು. 1979ರಲ್ಲಿ ಚಿಕಾಗೊ ನಗರದಲ್ಲಿ ವಿಮಾನ ಬಿದ್ದು 273 ಮಂದಿ ಸತ್ತಾಗ, ಗುರುತು ಹತ್ತದ ದೇಹಗಳ ಮೇಲೆ ಕೆಲಸ ಮಾಡಿದವರಲ್ಲಿ ಅವರೂ ಒಬ್ಬರು. ಮನುಷ್ಯನ ಎಲುಬನ್ನು ಓದಿ ನ್ಯಾಯಾಲಯಕ್ಕೆ ಹೇಳುವ ಈ ವಿದ್ಯೆಗೆ ಫೊರೆನ್ಸಿಕ್ ಆಂತ್ರೊಪಾಲಜಿ ಎಂದು ಹೆಸರು. ನಾವು ನ್ಯಾಯಾಂಗದ ಮಾನವಶಾಸ್ತ್ರ ಎನ್ನೋಣ.

ಸ್ನೋ ಬಂದವರೇ ಅಗೆತವನ್ನು ನಿಲ್ಲಿಸಬೇಕೆಂದು ಕೇಳಿದರು. ಪ್ರಾಚ್ಯಶೋಧಕರು ಹಳೆಯ ನಗರವನ್ನು ಅಗೆಯುವಂತೆ, ಕರಣೆ ಕುಂಚ ಜರಡಿಗಳನ್ನು ಹಿಡಿದು ಪದರಪದರವಾಗಿ ಮಣ್ಣು ತೆಗೆಯಬೇಕು, ಪ್ರತಿಯೊಂದು ಎಲುಬು ಇದ್ದ ಸ್ಥಾನವನ್ನು ಚಿತ್ರಿಸಬೇಕು, ಮಣ್ಣನ್ನೆಲ್ಲ ಸೋಸಬೇಕು ಎಂಬುದು ಅವರ ಹಟ. ಅದನ್ನು ಬಲ್ಲ ಹಿರಿಯರು ಆ ದೇಶದಲ್ಲಿ ಇರಲಿಲ್ಲವೆಂದಲ್ಲ. ಸೈನ್ಯ ಬ್ಯಾರಕಿಗೆ ಮರಳಿ ಇನ್ನೂ ಆರು ತಿಂಗಳಾಗಿದ್ದಿತಷ್ಟೆ, ಮತ್ತೆ ಬರಬಹುದೆಂಬ ಭಯ ಎಲ್ಲರಿಗೂ ಇತ್ತು. ಮುಂದೆ ಬಂದವರು ಕೆಲವು ವಿದ್ಯಾರ್ಥಿಗಳು. ಮಾನವಶಾಸ್ತ್ರ, ಪುರಾತತ್ತ್ವ, ವೈದ್ಯ ಓದುತ್ತಿದ್ದ ಇಪ್ಪತ್ತರ ಹರೆಯದ ಹುಡುಗ ಹುಡುಗಿಯರು: ಲೂಯಿಸ್ ಫೊಂಡೆಬ್ರಿಡರ್, ಮರ್ಸಿದೆಸ್ ದೊರೆಟ್ಟಿ, ಪಟ್ರೀಸಿಯ ಬರ್ನಾರ್ದಿ, ಮೋರಿಸ್ ಟಿಡ್ಬಾಲ್-ಬಿನ್ಸ್ ಮೊದಲಾದವರು. ಆಧುನಿಕ ಎಲುಬನ್ನು ಅವರು ಎಂದೂ ಅಗೆದು ತೆಗೆದವರಲ್ಲ. ಜೂನ್ ತಿಂಗಳು ಅಲ್ಲಿ ಚಳಿಗಾಲ. ಸಾನ್ ಇಸೀದ್ರೊ ಬಳಿಯ ಬುಲೋನ್ ಸ್ಮಶಾನದಲ್ಲಿ ಅವರ ಮೊದಲ ಗುಳಿ ತೆರೆಯಿತು. ಪೊಲೀಸರು ಸುತ್ತ ನಿಂತಿದ್ದರು. ಅದು ಕಾವಲೋ ಬೆದರಿಕೆಯೋ ಹೇಳುವುದು ಸುಲಭವಾಗಿರಲಿಲ್ಲ, ಏಕೆಂದರೆ ಗುಳಿಯಲ್ಲಿದ್ದವರನ್ನು ಅಲ್ಲಿಗೆ ತಂದವರಲ್ಲಿ ಪೊಲೀಸರೂ ಸೇರಿದ್ದರು. ಇದೇ ಗುಂಪು ಮುಂದೆ 'ಅರ್ಜೆಂಟೀನದ ನ್ಯಾಯಾಂಗ ಮಾನವಶಾಸ್ತ್ರ ತಂಡ' ಎಂದು ಜಗತ್ತಿನಲ್ಲೆಲ್ಲ ಹೆಸರಾಯಿತು.

ಎಲುಬು ಏನನ್ನು ಹೇಳುತ್ತದೆ? ವಯಸ್ಕನ ದೇಹದಲ್ಲಿ 206 ಎಲುಬುಗಳಿವೆ. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು, 106, ಕೈ ಪಾದಗಳಲ್ಲಿಯೇ ಇವೆ. ಬುಲ್ಡೋಜರು ಮೊದಲು ನುಂಗುವುದು ಈ ಸಣ್ಣವನ್ನೇ. ಮೊದಲ ಪ್ರಶ್ನೆ ಎಲ್ಲಕ್ಕಿಂತ ಸರಳ: ಗುಳಿಯಲ್ಲಿ ಎಷ್ಟು ಮಂದಿ ಇದ್ದಾರೆ? ಎಡ ತೊಡೆಯ ಎಲುಬುಗಳು ಐದು ಸಿಕ್ಕರೆ ಐದು ಜನಕ್ಕಿಂತ ಕಡಮೆ ಇರಲಾರರು. ಆಮೇಲೆ ಗಂಡೋ ಹೆಣ್ಣೋ ಎಂಬ ಪ್ರಶ್ನೆ. ಇದಕ್ಕೆ ಸೊಂಟದ ಎಲುಬಿನಷ್ಟು ನಂಬಿಕೆಯ ಸಾಕ್ಷಿ ಬೇರೊಂದಿಲ್ಲ. ಮಗು ಹೊರಬರಬೇಕಾದ ದಾರಿ ಹೆಂಗಸಿನಲ್ಲಿ ಅಗಲ. ಮುಂದುಗಡೆ ಎರಡು ಎಲುಬುಗಳು ಕೂಡುವ ಕೆಳಗಣ ಕೋನ ಹೆಂಗಸಿನಲ್ಲಿ ವಿಶಾಲವಾಗಿಯೂ ಗಂಡಸಿನಲ್ಲಿ ಇಕ್ಕಟ್ಟಾಗಿಯೂ ಇರುತ್ತದೆ. ಹುಬ್ಬಿನ ದಿಣ್ಣೆ, ಕಿವಿಯ ಹಿಂದಿನ ಉಬ್ಬು ಇವನ್ನು ನೋಡಿ ತಲೆಬುರುಡೆಯಿಂದಲೂ ಹೇಳಬಹುದು. ಆದರೆ ಬುರುಡೆ ಸೊಂಟದಷ್ಟು ಸತ್ಯವಂತನಲ್ಲ.

ವಯಸ್ಸಿನ ವಿಚಾರ ಇನ್ನೂ ಸ್ವಾರಸ್ಯವಾದದ್ದು. ಬೆಳೆಯುವ ಮಕ್ಕಳ ಉದ್ದ ಎಲುಬಿನ ತುದಿಗಳು ನಡುವಣ ಕಾಂಡಕ್ಕೆ ಇನ್ನೂ ಬೆಸೆದಿರುವುದಿಲ್ಲ. ಒಂದೊಂದು ಎಲುಬಿಗೂ ಬೆಸೆಯುವ ಒಂದೊಂದು ಕಾಲವುಂಟು. ಎಲ್ಲಕ್ಕಿಂತ ತಡವಾಗಿ ಬೆಸೆಯುವುದು ಎದೆಯ ಕಡೆಯ ಕೊರಳೆಲುಬಿನ ತುದಿ. ಅದು ಪೂರ್ತಿ ಮುಗಿಯುವ ಹೊತ್ತಿಗೆ ಮನುಷ್ಯನಿಗೆ ಮೂವತ್ತು ಸಮೀಪಿಸಿರುತ್ತದೆ. ಹೀಗಾಗಿ ಇಪ್ಪತ್ತೆರಡರ ವಿದ್ಯಾರ್ಥಿಯ ಕೊರಳೆಲುಬು ತಾನು ಇನ್ನೂ ಬೆಳೆಯುತ್ತಿದ್ದೆನೆಂದು ಹೇಳುತ್ತದೆ. ಮಕ್ಕಳ ವಯಸ್ಸನ್ನು ಹಲ್ಲುಗಳು ಇನ್ನೂ ಸೂಕ್ಷ್ಮವಾಗಿ ತಿಳಿಸುತ್ತವೆ. ನಡುವಯಸ್ಸು ದಾಟಿದ ಮೇಲೆ ಎಲುಬಿನ ಮಾತು ಅಸ್ಪಷ್ಟ. ಸವೆತವನ್ನು ನೋಡಿ ಹೇಳುವ ವಯಸ್ಸಿನಲ್ಲಿ ಹತ್ತು ಹದಿನೈದು ವರ್ಷ ಅತ್ತಿತ್ತ ಆಗುವುದುಂಟು. ಕಾಣೆಯಾದವರು ಎಳೆಯರಾಗಿದ್ದುದೇ ಅವರನ್ನು ಗುರುತಿಸುವುದಕ್ಕೆ ಅನುಕೂಲವಾಯಿತೆಂಬುದು ಎಂಥ ಅನುಕೂಲ!

ಎತ್ತರಕ್ಕೆ ಸೂತ್ರಗಳಿವೆ. ತೊಡೆಯೆಲುಬಿನ ಉದ್ದ ಮನುಷ್ಯನ ಎತ್ತರದ ನಾಲ್ಕನೆಯ ಒಂದು ಪಾಲಿಗಿಂತ ಕೊಂಚ ಹೆಚ್ಚು. ಎರಡನೆಯ ಮಹಾಯುದ್ಧದಲ್ಲಿ ಮಡಿದ ಅಮೆರಿಕದ ಸೈನಿಕರ ಎಲುಬುಗಳನ್ನು ಅಳೆದು ಮಿಲ್ಡ್ರೆಡ್ ಟ್ರಾಟರ್ ಎಂಬ ವಿದುಷಿ 1952ರಲ್ಲಿ ಪ್ರಕಟಿಸಿದ ಸೂತ್ರಗಳು ಜಗತ್ತಿನಲ್ಲೆಲ್ಲ ಚಲಾವಣೆಗೆ ಬಂದವು. ಆಕೆ ಮೊಣಕಾಲಿನ ಕೆಳಗಣ ಎಲುಬನ್ನು ಅಳೆದ ರೀತಿಯಲ್ಲಿ ತಪ್ಪಿತ್ತೆಂದು 1990ರ ದಶಕದಲ್ಲಿ ಹೊರಬಿದ್ದಿತು. ನಲವತ್ತು ವರ್ಷ ಆ ತಪ್ಪನ್ನು ಎಲ್ಲರೂ ಭಕ್ತಿಯಿಂದ ಕೂಡಿಸಿ ಕಳೆದಿದ್ದರು. ಒಂದು ಜನಾಂಗದ ಎಲುಬಿನಿಂದ ಮಾಡಿದ ಲೆಕ್ಕ ಇನ್ನೊಂದು ಜನಾಂಗಕ್ಕೆ ಒಪ್ಪುವುದಿಲ್ಲವೆಂಬುದು ಬೇರೆ ಮಾತು.

ಇಷ್ಟರಿಂದ ಒಂದು ವರ್ಗ ಸಿಕ್ಕಿತೇ ಹೊರತು ವ್ಯಕ್ತಿ ಸಿಗಲಿಲ್ಲ. ಇಪ್ಪತ್ತೈದರ, ಐದೂವರೆ ಅಡಿಯ ಹೆಂಗಸರು ಎಷ್ಟು ಮಂದಿ ಇಲ್ಲ? ವ್ಯಕ್ತಿ ಸಿಗುವುದು ಬದುಕಿನ ಪೆಟ್ಟುಗಳಲ್ಲಿ. ಬಾಲ್ಯದಲ್ಲಿ ಮರದಿಂದ ಬಿದ್ದು ಮುರಿದ ಮೊಣಕೈ ಕೂಡಿಕೊಂಡ ಗಂಟು, ಹಲ್ಲಿನ ವೈದ್ಯ ತುಂಬಿದ ಕುಳಿ, ಬಲಗೈಯ ದುಡಿತದಿಂದ ಬಲದ ಎಲುಬಿಗೆ ಬಂದ ಹೆಚ್ಚಿನ ಪುಷ್ಟಿ. ಆದುದರಿಂದ ಈ ಶೋಧಕರ ಅರ್ಧ ಕೆಲಸ ಸ್ಮಶಾನದಲ್ಲಿ ನಡೆದರೆ ಇನ್ನರ್ಧ ಮನೆಗಳ ಅಡುಗೆಕೋಣೆಯಲ್ಲಿ ನಡೆಯುತ್ತದೆ. 'ನಿಮ್ಮ ಮಗಳಿಗೆ ಎಂದಾದರೂ ಎಲುಬು ಮುರಿದಿತ್ತೇ? ಯಾವ ವೈದ್ಯರು ಹಲ್ಲು ಕಿತ್ತರು? ನಗುವಾಗ ತೆಗೆಸಿದ ಭಾವಚಿತ್ರವಿದೆಯೇ?' ಎಂದು ತಾಯಿಯ ಮುಂದೆ ಕುಳಿತು ಕೇಳಬೇಕು. ಕೇಳುವವನಿಗೆ ಇದು ವೈದ್ಯಕೀಯ ವಿವರ. ಹೇಳುವವಳಿಗೆ ಮರದಿಂದ ಬಿದ್ದ ಆ ಮಧ್ಯಾಹ್ನವೆಲ್ಲ ಕಣ್ಣ ಮುಂದೆ ಬರುತ್ತದೆ. ಸ್ನೋ ಇದನ್ನು 'ಅಸ್ಥಿಚರಿತ್ರೆ' ಎಂಬರ್ಥದ ಮಾತಿನಿಂದ ಕರೆಯುತ್ತಿದ್ದರು.

ಸಾವಿನ ರೀತಿಯನ್ನೂ ಎಲುಬು ಬರೆದಿಟ್ಟುಕೊಳ್ಳುತ್ತದೆ. ಹಸಿಯ ಎಲುಬು ಹಸಿಗೋಲಿನಂತೆ ಬಾಗಿ ಸೀಳುತ್ತದೆ. ಮಣ್ಣಿನಲ್ಲಿ ಒಣಗಿದ್ದು ಒಣಕಡ್ಡಿಯಂತೆ ಮುರಿಯುತ್ತದೆ. ಅಂಚು ದುಂಡಗಾಗಿದ್ದರೆ ಪೆಟ್ಟಿನ ತರುವಾಯ ಮನುಷ್ಯ ಬದುಕಿದ್ದನೆಂದೇ ಅರ್ಥ. ಗುಂಡು ಬುರುಡೆಯನ್ನು ಹೊಕ್ಕ ಕಡೆ ತೂತು ಒಳಮುಖಕ್ಕೆ ಅಗಲಾಗುತ್ತದೆ, ಹೊರಟ ಕಡೆ ಹೊರಮುಖಕ್ಕೆ. ಆಗ ಸೈನಿಕನ ಮುಂದೆ ನಿಂತು ಕಾದಾಡಿದವನು ಯಾರು, ಹಿಂದಿನಿಂದ ಹೊಡೆಸಿಕೊಂಡವನು ಯಾರು ಎಂಬುದನ್ನು ಬುರುಡೆಯೇ ಹೇಳಬಲ್ಲುದು.

ಇದು ನ್ಯಾಯಾಲಯದಲ್ಲಿ ಎಷ್ಟು ಬೆಲೆಯ ಮಾತೆಂಬುದು ಮರುವರ್ಷ ತಿಳಿಯಿತು. 1985ರ ಏಪ್ರಿಲಿನಲ್ಲಿ ಒಂಬತ್ತು ಮಂದಿ ಸೇನಾನಾಯಕರ ವಿಚಾರಣೆ ಪ್ರಾರಂಭವಾದಾಗ ಸ್ನೋ ಸಾಕ್ಷಿಕಟ್ಟೆಯನ್ನು ಏರಿ ಸ್ಲೈಡುಗಳನ್ನು ತೋರಿಸಿದರು. ಇಂಥ ಸಾವುಗಳನ್ನು ಸೈನ್ಯ 'ಎದುರುಕಾಳಗದಲ್ಲಿ ಆದ ಸಾವು' ಎಂದು ಬರೆಯುತ್ತಿದ್ದಿತು. ಅವರು ಆರಿಸಿದ್ದು ಇಪ್ಪತ್ತೊಂದರ ತರುಣಿಯೊಬ್ಬಳ ಅಸ್ಥಿಗಳನ್ನು. 1977ರಲ್ಲಿ ಹಿಡಿದೊಯ್ದಾಗ ಆಕೆ ಗರ್ಭಿಣಿ. ಬುರುಡೆಯ ಗಾಯ ಹತ್ತಿರದಿಂದ ಹಾರಿಸಿದ ಷಾಟ್‌ಗನ್ನಿನದು. ಸೊಂಟದ ಎಲುಬಿನ ಗುರುತುಗಳು, ಆಕೆ ಹೆತ್ತಿದ್ದಳೆಂದು ಸ್ನೋ ಹೇಳುವುದಕ್ಕೆ ಆಧಾರವಾದವು. ಕೊನೆಯ ಸ್ಲೈಡು ಆಕೆ ಬದುಕಿದ್ದಾಗ ನಗುತ್ತಿದ್ದ ಭಾವಚಿತ್ರ. ಆ ವರ್ಷದ ಡಿಸೆಂಬರ್ 9ರಂದು ವಿಡೇಲ, ಮಸ್ಸೇರ ಎಂಬ ಇಬ್ಬರು ಮುಖ್ಯಸ್ಥರಿಗೆ ಆಜೀವ ಶಿಕ್ಷೆಯಾಯಿತು; ಇನ್ನು ಮೂವರಿಗೆ ಅದಕ್ಕಿಂತ ಕಡಮೆ, ನಾಲ್ವರ ಬಿಡುಗಡೆ.

ಇಲ್ಲೊಂದು ಮಾತು ಹೇಳದಿರುವುದು ಅಪ್ರಾಮಾಣಿಕವಾದೀತು. ಸೊಂಟದ ಎಲುಬಿನ ಆ ಗುರುತುಗಳು ಹೆರಿಗೆಯಿಂದಲೇ ಆಗುತ್ತವೆಂಬುದನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಹೆರದವರಲ್ಲಿಯೂ, ಒಮ್ಮೊಮ್ಮೆ ಗಂಡಸರಲ್ಲಿಯೂ ಅವು ಕಂಡಿವೆ. ಹೆತ್ತವರಲ್ಲಿ ಕಾಣದಿರುವುದೂ ಉಂಟು. ಹಾಗೆಂದು ಸ್ನೋ ಅವರ ನಿರ್ಣಯ ಸುಳ್ಳಾಗಲಿಲ್ಲ. ಆಕೆಗೆ ಹುಟ್ಟಿದ ಮಗನನ್ನು 2008ರಲ್ಲಿ ರಕ್ತಪರೀಕ್ಷೆಯಿಂದ ಗುರುತಿಸಲಾಯಿತು. ನಿರ್ಣಯ ಸರಿ, ಆಧಾರ ದುರ್ಬಲ: ಶಾಸ್ತ್ರದಲ್ಲಿ ಇದು ಸಮಾಧಾನಪಡುವ ವಿಷಯವಲ್ಲ. ಇಂದು ಅದೇ ಸಾಕ್ಷ್ಯವನ್ನು ಕೊಡುವವನು ಆ ಸ್ಲೈಡನ್ನು ಬಿಟ್ಟೇ ಮಾತಾಡಬೇಕಾದೀತು.

ಎಲ್ಲ ತಾಯಂದಿರೂ ಈ ಶಾಸ್ತ್ರವನ್ನು ಬರಮಾಡಿಕೊಂಡರೆಂದು ತಿಳಿಯಬಾರದು. 1977ರ ಏಪ್ರಿಲಿನಿಂದ ಅರಮನೆಯ ಮುಂದಿನ ಮೇ ಚೌಕದಲ್ಲಿ ತಲೆಗೆ ಬಿಳಿಯ ವಸ್ತ್ರ ಕಟ್ಟಿ ಸುತ್ತು ಬರುತ್ತಿದ್ದ ತಾಯಂದಿರಲ್ಲಿಯೇ ಒಂದು ಪಂಗಡ, ಏಬೆ ದೆ ಬೊನಫೀನಿ ಅವರ ನೇತೃತ್ವದಲ್ಲಿ, ಎಲುಬುಗಳನ್ನು ಮುಟ್ಟಲಾರೆವೆಂದಿತು. 'ಜೀವಂತ ಕರೆದೊಯ್ದಿರಿ, ಜೀವಂತ ತಂದುಕೊಡಿ' ಎಂಬುದು ಅವರ ಬೇಡಿಕೆ. ಕೊಂದವನ ಹೆಸರು ಹೇಳದೆ ಪೆಟ್ಟಿಗೆಯಲ್ಲಿ ಎಲುಬು ಕೊಟ್ಟರೆ ಲೆಕ್ಕ ಚುಕ್ತಾ ಆದಂತೆ ಸರ್ಕಾರ ಕೈತೊಳೆದುಕೊಳ್ಳುತ್ತದೆ, ಅಳುವ ಮನೆ ಒಂದೊಂದಾಗಿ ಮೌನವಾಗುತ್ತದೆ ಎಂಬುದು ಅವರ ವಾದ. ಹೊರಗಿನವರು ಇದನ್ನು ಮೊಂಡುತನವೆಂದು ಕರೆದುದುಂಟು. ಹಾಗೆ ಕರೆಯುವುದು ಸುಲಭ. ಆದರೆ 1986, 1987ರ ಶಾಸನಗಳು ಮೊಕದ್ದಮೆಗಳಿಗೆ ಬೀಗ ಹಾಕಿದುವು, 1990ರ ಹೊತ್ತಿಗೆ ಶಿಕ್ಷೆಯಾದವರಿಗೂ ಕ್ಷಮಾದಾನ ಸಿಕ್ಕಿತು. ಅವರ ಸಂದೇಹ ಸುಳ್ಳಾಗಿರಲಿಲ್ಲವೆಂಬುದನ್ನು ಒಪ್ಪಬೇಕು. ಇನ್ನೊಂದು ಕಡೆ, ಮಗನ ಕೈಬೆರಳಿನ ಎಲುಬನ್ನಾದರೂ ಮುಟ್ಟಿ ಅಳಬೇಕೆಂದ ತಾಯಿಯೂ ತಪ್ಪಿದವಳಲ್ಲ. ಆ ತಂಡದವರು ಒಂದು ನಿಯಮವಿಟ್ಟುಕೊಂಡರು: ಮನೆಯವರು ಒಪ್ಪದೆ ಕೆಲಸ ಮಾಡುವುದಿಲ್ಲ. ಇದಕ್ಕಿಂತ ಮೇಲಾದ ಪರಿಹಾರ ನನಗೆ ತೋರುವುದಿಲ್ಲ.

ಮೊಕದ್ದಮೆ ನಿಂತರೂ ಜರಡಿ ನಿಲ್ಲಲಿಲ್ಲ. ಆವೆಯ್ಯನೇದ ಸ್ಮಶಾನದ 134ನೆಯ ಭಾಗಕ್ಕೆ ಬೇರೆಯೇ ಗೋಡೆಯಿತ್ತು. 1988ರಿಂದ 1992ರವರೆಗೆ ಅಲ್ಲಿಂದ 336 ಮಂದಿಯ ಅಸ್ಥಿಗಳನ್ನು ಹೊರತೆಗೆದರು. ಬಹುಪಾಲಿನವರ ಮೈಮೇಲೆ ಬಟ್ಟೆಯ ಗುರುತೇ ಇರಲಿಲ್ಲ. ಆದುದರಿಂದ ಅಂಗಿಯ ಗುಂಡಿ, ಬೆಲ್ಟಿನ ಕೊಕ್ಕೆಗಳಿಂದ ಗುರುತು ಹಚ್ಚುವ ದಾರಿಯೂ ಮುಚ್ಚಿತ್ತು. ಅಮೆರಿಕದ ಮೇರಿ-ಕ್ಲೇರ್ ಕಿಂಗ್ ಎಂಬ ವಿದುಷಿ ಅಜ್ಜಿಯರಿಗಾಗಿ ಬೆಳೆಸಿದ ವಂಶಾಣುಪರೀಕ್ಷೆ ಕ್ರಮೇಣ ಎಲುಬಿನ ಕೆಲಸಕ್ಕೂ ಬಂದಿತು. ಜೀವಕಣದ ಒಂದು ಅಂಶ ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿಯುತ್ತದೆ; ತಾಯಿ ಸತ್ತಿದ್ದರೂ ತಾಯಿಯ ತಾಯಿಯ ರಕ್ತ ಸಾಕ್ಷಿ ನುಡಿಯುತ್ತದೆ. ಅಜ್ಜಿಯರು ಹುಡುಕುತ್ತಿದ್ದ ಮೊಮ್ಮಕ್ಕಳಲ್ಲಿ 140 ಮಂದಿಯ ನಿಜವಾದ ಮನೆತನ 2025ರ ಜುಲೈ ವೇಳೆಗೆ ಪತ್ತೆಯಾಗಿತ್ತು.

ತಂಡ ಪರದೇಶಗಳಿಗೂ ಹೋಯಿತು. ಎಲ್ ಸಾಲ್ವದೊರ್ ದೇಶದ ಎಲ್ ಮೊಸೋತೆ ಎಂಬ ಹಳ್ಳಿಯಲ್ಲಿ 1981ರ ಡಿಸೆಂಬರಿನಲ್ಲಿ ಸೈನಿಕರು ಊರಿಗೆ ಊರನ್ನೇ ಕೊಂದರೆಂದು ರುಫೀನ ಅಮಾಯ ಎಂಬ ಹೆಂಗಸು ಹೇಳುತ್ತಲೇ ಬಂದಿದ್ದಳು. ಆ ಸರ್ಕಾರವೂ ಅದಕ್ಕೆ ಬೆಂಬಲವಾಗಿದ್ದ ಅಮೆರಿಕದ ಸರ್ಕಾರವೂ ಆಕೆಯ ಮಾತನ್ನು ತಳ್ಳಿಹಾಕಿದ್ದವು. 1992ರಲ್ಲಿ ಇಗರ್ಜಿಯ ಪಕ್ಕದ ಒಂದು ಸಣ್ಣ ಕಟ್ಟಡದ ಅವಶೇಷವನ್ನು ಅಗೆದಾಗ 143 ಅಸ್ಥಿಪಂಜರಗಳು ಸಿಕ್ಕವು. ಅವುಗಳಲ್ಲಿ 131 ಹನ್ನೆರಡು ವರ್ಷದೊಳಗಿನ ಮಕ್ಕಳವು. ಜೊತೆಗೆ 245 ಖಾಲಿ ತೋಟಾಗಳು. ಹನ್ನೊಂದು ವರ್ಷ ಒಬ್ಬ ಹೆಂಗಸಿನ ಮಾತಿಗೆ ಸಲ್ಲದ ಬೆಲೆ ಹಾಲುಹಲ್ಲುಗಳಿಗೆ ಸಂದಿತು.

ಇನ್ನು ಸಮುದ್ರದ ಕಥೆ. ತಾಯಂದಿರ ಸಂಘವನ್ನು ಕಟ್ಟಿದ ಅಸುಸೇನ ವಿಯ್ಯಾಫ್ಲೋರ್ ಅವರನ್ನು 1977ರ ಡಿಸೆಂಬರ್ 10ರಂದು ಮನೆಯ ಹತ್ತಿರವೇ ಹಿಡಿದೊಯ್ದರು. ಅಂದು ಬೆಳಗ್ಗೆ ಕಾಣೆಯಾದವರ ಹೆಸರುಗಳನ್ನು ತಾಯಂದಿರು ಪತ್ರಿಕೆಯಲ್ಲಿ ಜಾಹೀರಾತಾಗಿ ಅಚ್ಚುಹಾಕಿಸಿದ್ದರು. ಎರಡು ದಿನ ಮೊದಲು ಸಾಂತಾ ಕ್ರೂಸ್ ಇಗರ್ಜಿಯ ಬಳಿ ಹಿಡಿದವರಲ್ಲಿ ಮರೀಯ ಪೊನ್ಸೆ, ಎಸ್ತೆರ್ ಬಯ್ಯೆಸ್ತ್ರೀನೊ ಎಂಬ ತಾಯಂದಿರಿದ್ದರು. ಫ್ರಾನ್ಸ್ ದೇಶದ ಸಂನ್ಯಾಸಿನಿ ಆಲಿಸ್ ದೊಮೊನ್ ಅವರನ್ನು ಅಲ್ಲಿಯೂ, ಇನ್ನೊಬ್ಬ ಸಂನ್ಯಾಸಿನಿ ಲಿಯೊನಿ ದ್ಯುಕೆ ಅವರನ್ನು ಬೇರೆ ಕಡೆಯೂ ಸೆರೆಹಿಡಿದರು. ಎಸ್ತೆರ್ ಅವರ ಮಗಳು ಅಷ್ಟರಲ್ಲಿ ಬಿಡುಗಡೆಯಾಗಿ ದೇಶ ಬಿಟ್ಟಿದ್ದಳು. ಮಿಕ್ಕವರ ಮಕ್ಕಳು ಬರುವವರೆಗೆ ಬಿಡೆನೆಂದು ಈಕೆ ಮಾತ್ರ ಚೌಕಕ್ಕೆ ಮರಳಿದ್ದರು. ಅದೇ ತಿಂಗಳ ಕೊನೆಯಲ್ಲಿ ಸಾಂತಾ ತೆರೆಸೀತ ಕಡಲತೀರದಲ್ಲಿ ಹೆಣಗಳು ತೇಲಿಬಂದವು. ಎತ್ತರದಿಂದ ಗಟ್ಟಿಯಾದುದರ ಮೇಲೆ ಬಿದ್ದು ಸತ್ತಿದ್ದಾರೆಂದು ವೈದ್ಯರು ಬರೆದರು. ಜೆನರಲ್ ಲವಯ್ಯೆ ಊರಿನ ಸ್ಮಶಾನದಲ್ಲಿ ಎನ್. ಎನ್. ಎಂದು ಹೂಳಲಾಯಿತು. ಬಂದಿಗಳಿಗೆ ಮದ್ದು ಚುಚ್ಚಿ, ವಿಮಾನದಿಂದ ಜೀವಂತ ಕಡಲಿಗೆ ಎಸೆಯುತ್ತಿದ್ದೆವೆಂದು 1995ರಲ್ಲಿ ನೌಕಾಪಡೆಯ ಆದೊಲ್ಫೊ ಸಿಲಿಂಗೊ ಒಪ್ಪಿಕೊಂಡಿದ್ದನು. 2005ರಲ್ಲಿ ತಂಡದವರು ಆ ಗುಳಿಗಳ ಅಸ್ಥಿಗಳನ್ನು ಪರೀಕ್ಷಿಸಿದಾಗ, ಮುರಿತಗಳು ಮೇಲಿನಿಂದ ನೀರಿಗೆ ಅಪ್ಪಳಿಸಿದವರ ಮುರಿತಗಳಂತೆಯೇ ಇದ್ದವು. ರಕ್ತಸಂಬಂಧದ ಪರೀಕ್ಷೆಯಿಂದ ಮೂವರು ತಾಯಂದಿರ ಹೆಸರುಗಳೂ, ಆಮೇಲೆ ಲಿಯೊನಿ ದ್ಯುಕೆ ಅವರ ಹೆಸರೂ ಮರಳಿದವು.

ಆ ವರ್ಷವೇ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹಳೆಯ ಬೀಗಗಳನ್ನು ತೆಗೆಯಿತು. 2017ರ ನವೆಂಬರಿನಲ್ಲಿ ಆ ಡಿಸೆಂಬರಿನ ವಿಮಾನವನ್ನು ಹಾರಿಸಿದವರ ಪೈಕಿ ಇಬ್ಬರಿಗೂ, ದುಃಖಿತನ ವೇಷದಲ್ಲಿ ತಾಯಂದಿರ ನಡುವೆ ಸೇರಿ ಅವರನ್ನು ಹಿಡಿದುಕೊಟ್ಟ ನೌಕಾಧಿಕಾರಿ ಅಸ್ತೀಸನಿಗೂ ಆಜೀವ ಶಿಕ್ಷೆಯಾಯಿತು. ಎಸ್ತೆರ್ ಮತ್ತು ಮರೀಯ ಅವರನ್ನು ಸಾಂತಾ ಕ್ರೂಸ್ ಇಗರ್ಜಿಯ ತೋಟದಲ್ಲಿ ಮಣ್ಣುಮಾಡಿದ್ದಾರೆ. ಅಸುಸೇನ ಅವರ ಚಿತಾಭಸ್ಮವನ್ನು 2005ರ ಡಿಸೆಂಬರ್ 8ರಂದು ಮೇ ಚೌಕದ ನಡುವಿನ ಸ್ತಂಭದ ಬುಡದಲ್ಲಿ ಹೂಳಲಾಯಿತು. ತಾಯಂದಿರು ಗುರುವಾರ ಸುತ್ತು ಬರುವುದು ಅದರ ಸುತ್ತಲೇ. ಆಲಿಸ್ ದೊಮೊನ್ ಅವರ ಅಸ್ಥಿಗಳು ದೊರೆತಿಲ್ಲ.